ಯುದ್ಧದ ಪುಸ್ತಕದಲ್ಲಿ ಧರ್ಮದ ಮಾತು: ಕಲಬುರಗಿ, ಬೀದರ್, ಯಾದಗಿರಿ ಕಡೆಯ ಇತಿಹಾಸ ಬರೆಯುವವರಿಗೆ ಹಂತಹಂತದ ಕೈಪಿಡಿ

“1657ರಲ್ಲಿ ಮುಸ್ಲಿಮರು ಬೀದರ್ ಕೋಟೆಯನ್ನು ಗೆದ್ದರು.”

ಜನಪ್ರಿಯ ಇತಿಹಾಸದ ಹಸ್ತಪ್ರತಿಗಳಲ್ಲಿ ಇಂಥ ವಾಕ್ಯ ಧಾರಾಳವಾಗಿ ಸಿಗುತ್ತದೆ. ಮೇಲ್ನೋಟಕ್ಕೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ಕೋಟೆ ಹಿಡಿದದ್ದು ಮೊಗಲ್ ಸೈನ್ಯ. ಅದರ ಮುಖಂಡ ಔರಂಗಜೇಬ ಆಗಿನ್ನೂ ಬಾದಶಹನಾಗಿರಲಿಲ್ಲ, ದಖ್ಖನಿನ ಸುಬೇದಾರನಾಗಿದ್ದ. ಕೋಟೆ ಕಾಯುತ್ತಿದ್ದವನು ಬಿಜಾಪುರದ ಆದಿಲಶಾಹಿಯ ಕಿಲ್ಲೇದಾರ ಸಿದ್ದಿ ಮರ್ಜಾನ್, ಆಫ್ರಿಕಾ ಮೂಲದ ಮುಸಲ್ಮಾನ. ಮುತ್ತಿಗೆ 27 ದಿನ ನಡೆಯಿತು, ಮದ್ದಿನ ದಾಸ್ತಾನು ಸಿಡಿದು ಮರ್ಜಾನ್ ಮಾರಕವಾಗಿ ಗಾಯಗೊಂಡ, ಕೋಟೆ ಕೈಬಿಟ್ಟಿತು. ಹಾಗಾದರೆ ಮೇಲಿನ ವಾಕ್ಯವನ್ನು “ಮುಸ್ಲಿಮರು ಬೀದರ್ ಕೋಟೆಯನ್ನು ಕಳೆದುಕೊಂಡರು” ಎಂದು ತಿರುಗಿಸಿ ಬರೆದರೂ ಅಷ್ಟೇ ಸರಿ, ಅಷ್ಟೇ ನಿರರ್ಥಕ.

ಯುದ್ಧದ ಪುಸ್ತಕದ ಮೇಲೆ ಬರುವ “ನಮ್ಮ ಭಾವನೆಗೆ ಧಕ್ಕೆ” ಎಂಬ ತಕರಾರುಗಳಲ್ಲಿ ಬಹುಪಾಲು ಇಂಥ ಸಡಿಲ ವಾಕ್ಯಗಳಿಂದಲೇ ಹುಟ್ಟುತ್ತವೆ. ಕರ್ತೃ, ಕಾಲ, ಆಧಾರ ಈ ಮೂರನ್ನು ಬಿಗಿ ಮಾಡಿದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿಯಿತು. ಉಳಿದದ್ದು ಭಾಷೆಯ ಮರ್ಯಾದೆಗೆ ಸಂಬಂಧಿಸಿದ್ದು. ಎರಡನ್ನೂ ಹೇಗೆ ಮಾಡಬೇಕು ಎಂಬುದು ಕೆಳಗಿದೆ.

1. ಬರೆಯುವ ಮೊದಲು ಆರು ಮನೆಯ ಪಟ್ಟಿ

ಪ್ರತಿ ಯುದ್ಧಕ್ಕೂ ಒಂದು ಹಾಳೆ ಇಟ್ಟುಕೊಳ್ಳಿ. ಅದರಲ್ಲಿ ಆರು ಮನೆ: ದಾಳಿ ಮಾಡಿದ ರಾಜ್ಯ, ಎದುರಿಸಿದ ರಾಜ್ಯ, ಎರಡೂ ಕಡೆಯ ದಂಡನಾಯಕರು, ಎರಡೂ ಕಡೆಯ ಸೈನಿಕರು ಯಾವ ಯಾವ ಸಮುದಾಯದವರು, ಜಗಳ ಯಾತಕ್ಕೆ (ಕೋಟೆ, ಕಪ್ಪ, ಕೃಷ್ಣಾ-ತುಂಗಭದ್ರಾ ನಡುವಿನ ದೋಆಬಿನ ಭೂಮಿ, ಉತ್ತರಾಧಿಕಾರ), ಮುಂದಿನ ಹತ್ತು ವರ್ಷದಲ್ಲಿ ಇವರಿವರೇ ಮತ್ತೆ ಯಾರ ಜೊತೆ ಸೇರಿದರು. ಕಡೆಯ ಮನೆಯನ್ನು ಹೆಚ್ಚಿನವರು ಖಾಲಿ ಬಿಡುತ್ತಾರೆ. ಪುಸ್ತಕದ ದಿಕ್ಕನ್ನೇ ಬದಲಿಸುವ ಮಾಹಿತಿ ಸಿಗುವುದು ಅಲ್ಲೇ.

ಯಾದಗಿರಿ ಜಿಲ್ಲೆಯ ಸಗರವನ್ನೇ ತೆಗೆದುಕೊಳ್ಳಿ. ಅಲ್ಲಿ ಅಧಿಕಾರಿಯಾಗಿದ್ದ ಬಹಾವುದ್ದೀನ್ ಗುರ್ಶಾಸ್ಪ್ 1326ರ ಸುಮಾರಿಗೆ ತನ್ನ ಬಂಧುವೇ ಆದ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ಬಂಡೆದ್ದ. ಸೋತು ಓಡಿ ಕಂಪಿಲಿಯ ರಾಜನ ಮೊರೆಹೊಕ್ಕ. ಮೊರೆಹೊಕ್ಕವನನ್ನು ಒಪ್ಪಿಸಲು ಕಂಪಿಲರಾಯ ಒಪ್ಪಲಿಲ್ಲ. ದಿಲ್ಲಿಯ ಸೈನ್ಯದೊಡನೆ ಹೋರಾಡಿ ಮಡಿದ, ರಾಜ್ಯವೂ ಹೋಯಿತು. ಅವನ ಮಗ ಗಂಡುಗಲಿ ಕುಮಾರರಾಮನ ಕಥೆ ಕೇಳಿ ಬೆಳೆದ ಓದುಗನಿಗೆ ಇದು ಹಿಂದೂ–ಮುಸ್ಲಿಂ ಯುದ್ಧ ಎಂದಷ್ಟೇ ಗೊತ್ತಿರುತ್ತದೆ. ಆರು ಮನೆ ತುಂಬಿದರೆ, ಒಬ್ಬ ಮುಸಲ್ಮಾನ ಅತಿಥಿಗಾಗಿ ಒಬ್ಬ ಹಿಂದೂ ಅರಸ ರಾಜ್ಯ ಪಣಕ್ಕಿಟ್ಟ ಸಂಗತಿ ತಾನಾಗಿ ಮೇಲೆ ಬರುತ್ತದೆ. ಸೌಹಾರ್ದದ ಭಾಷಣ ಬೇಕಿಲ್ಲ, ನಡೆದದ್ದನ್ನು ಪೂರ್ತಿ ಹೇಳಿದರೆ ಸಾಕು.

ವಾಗಣಗೇರಾ ಮುತ್ತಿಗೆಯೂ ಹಾಗೆಯೇ. 1705ರಲ್ಲಿ ಔರಂಗಜೇಬ ಖುದ್ದಾಗಿ ನಿಂತು ನಡೆಸಿದ ಕಡೆಯ ಮುತ್ತಿಗೆ ಇದು. ಕೋಟೆಯೊಳಗೆ ಬೇಡ ನಾಯಕರ ದೊರೆ ಪಿಡ್ಡನಾಯಕ, ಅವನ ನೆರವಿಗೆ ಮರಾಠರು. ಹೊರಗೆ ಮೊಗಲರ ಪರವಾಗಿ ಜುಲ್ಫಿಕರ್ ಖಾನನ ಜೊತೆ ಬುಂದೇಲ ರಜಪೂತ ದಳಪತ್ ರಾವ್. 1858ರ ಸುರಪುರದ ರಾಜಾ ವೆಂಕಟಪ್ಪನಾಯಕನ ದಂಡಿನಲ್ಲಿ ಅರಬರು, ರೋಹಿಲ್ಲರು ಇದ್ದರು. ಎದುರು ಬಂದದ್ದು ಬ್ರಿಟಿಷರು ಮತ್ತು ನಿಜಾಮನ ಕಂಟಿಂಜೆಂಟ್ ಪಡೆ. “ಹಿಂದೂ ಸೈನ್ಯ”, “ಮುಸ್ಲಿಂ ಸೈನ್ಯ” ಎಂಬ ಪದಗಳನ್ನು ಈ ಮೂರು ಜಿಲ್ಲೆಗಳ ಯುದ್ಧಗಳಿಗೆ ಹಚ್ಚಲು ಹೋದರೆ ಒಂದಲ್ಲ ಒಂದು ಕಡೆ ಹರಿಯುತ್ತದೆ. ಸೈನ್ಯಕ್ಕೆ ರಾಜ್ಯದ ಹೆಸರು ಕೊಡಿ: ಬಹಮನಿ ಸೈನ್ಯ, ವಿಜಯನಗರದ ಸೈನ್ಯ, ಬರೀದಶಾಹಿ ತುಕಡಿ.

2. ಆಧಾರ ಎಷ್ಟು ವರ್ಷ ದೂರದ್ದು?

ಬಹಮನಿ ಯುದ್ಧಗಳ ಬಗ್ಗೆ ನಾವು ಓದುವ ರೋಚಕ ಸಂಗತಿಗಳ ಮೂಲ ಹುಡುಕುತ್ತ ಹೋದರೆ ಹತ್ತರಲ್ಲಿ ಏಳು ಸಲ ಪಾರಸಿ ಇತಿಹಾಸಕಾರ ಫರಿಷ್ತಾನ ಬಾಗಿಲಿಗೆ ಬಂದು ನಿಲ್ಲುತ್ತೇವೆ. ಆತ ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಹನ ಆಸ್ಥಾನದಲ್ಲಿದ್ದವನು, ಬರೆದದ್ದು 1606ರ ಹೊತ್ತಿಗೆ. ಮುದಗಲ್ಲಿನ ಸಲುವಾಗಿ ಬುಕ್ಕರಾಯನಿಗೂ ಒಂದನೆಯ ಮುಹಮ್ಮದ್ ಶಹನಿಗೂ ಯುದ್ಧವಾದದ್ದು 1366ರಲ್ಲಿ. ನಡುವೆ 240 ವರ್ಷ. ಇಂದು ಕುಳಿತು 1780ರ ದಶಕದ ಕಾಳಗವನ್ನು ಕಣ್ಣಾರೆ ಕಂಡಂತೆ ವರ್ಣಿಸಿದರೆ ಹೇಗೋ ಹಾಗೆ.

ಅವನನ್ನು ಬಿಸಾಡಬೇಕಿಲ್ಲ, ಒರೆಗೆ ಹಚ್ಚಬೇಕು. 1366ರ ಯುದ್ಧದಲ್ಲಿ ಫಿರಂಗಿಗಳಿದ್ದವು, ಅವನ್ನು ತುರ್ಕರೂ ಯುರೋಪಿಯನ್ನರೂ ನಡೆಸಿದರು ಎನ್ನುತ್ತಾನೆ. ಪೋರ್ಚುಗೀಸರು ಈ ದೇಶದ ದಂಡೆ ಮುಟ್ಟಿದ್ದೇ 1498ರಲ್ಲಿ. ತನ್ನ ಕಾಲದ ತೋಪುಗಳನ್ನು ಆತ ಹಳೆಯ ಯುದ್ಧಕ್ಕೆ ಎಳೆದು ತಂದಿದ್ದಾನೆ. ತೋಪಿನ ವಿಷಯದಲ್ಲಿ ಹೀಗೆ ಮಾಡಿದವನು ಸತ್ತವರ ಸಂಖ್ಯೆಯಲ್ಲೂ ಮಾಡಿರಬಹುದಲ್ಲವೆ? ಅದೇ ಯುದ್ಧದಲ್ಲಿ ಸುಲ್ತಾನ ಲಕ್ಷ ಜನರನ್ನು ಕೊಲ್ಲುವ ಶಪಥ ಮಾಡಿದನೆಂದು ಬರೆದವನೂ ಅವನೇ, ಕೊನೆಗೆ ಗೆಲುವಿನ ನಂತರ ಶರಣಾದವರನ್ನೂ ನಿರಾಯುಧರನ್ನೂ ಕೊಲ್ಲಕೂಡದೆಂದು ಎರಡೂ ಕಡೆಯವರು ಒಪ್ಪಂದ ಮಾಡಿಕೊಂಡರೆಂದು ಬರೆದವನೂ ಅವನೇ. ಒಂದು ಪಂಥದ ಲೇಖಕರು ಮೊದಲರ್ಧ ಉದ್ಧರಿಸಿ ಪುಟ ಮುಚ್ಚುತ್ತಾರೆ, ಇನ್ನೊಂದು ಪಂಥದವರು ಎರಡನೆಯ ಅರ್ಧ ಮಾತ್ರ ಹೇಳುತ್ತಾರೆ. ಎರಡನ್ನೂ ಹೇಳಿ, ಯಾರು ಎಷ್ಟು ವರ್ಷದ ನಂತರ ಹೇಳಿದ್ದು ಎಂಬುದನ್ನೂ ಅದೇ ವಾಕ್ಯದಲ್ಲಿ ಹೇಳಿ.

ಫರಿಷ್ತಾನನ್ನು ಬಹುತೇಕರು ಓದುವುದು ಬ್ರಿಗ್ಸ್‌ನ 1829ರ ಇಂಗ್ಲಿಷ್ ಅನುವಾದದಲ್ಲಿ. ಅದು ಸಡಿಲ ಅನುವಾದ. ಅದರಿಂದ ಮತ್ತೆ ಕನ್ನಡಕ್ಕೆ ತಂದರೆ ಮೂಲದಿಂದ ಎರಡು ಹೆಜ್ಜೆ ದೂರವಾಯಿತು. ಧರ್ಮಕ್ಕೆ ಸಂಬಂಧಿಸಿದ ವಾಕ್ಯಗಳನ್ನಾದರೂ ಪಾರಸಿ ಬಲ್ಲವರಿಗೆ ತೋರಿಸಿ. ಇಡೀ ಪುಸ್ತಕ ಬೇಕಿಲ್ಲ, ನೀವು ಉದ್ಧರಿಸುವ ಹತ್ತು-ಹದಿನೈದು ಸಾಲು ಸಾಕು. ಕಾಲಕ್ಕೆ ಹತ್ತಿರದ ಆಧಾರ ಬೇಕೆಂದರೆ ಬಹಮನಿ ರಾಜ್ಯದ ಆರಂಭಕ್ಕೆ ಇಸಾಮಿ ಇದ್ದಾನೆ. ಕೃತಿ ಮುಗಿಸಿದ್ದು 1350ರಲ್ಲಿ, ರಾಜ್ಯ ಹುಟ್ಟಿ ಮೂರೇ ವರ್ಷಕ್ಕೆ. ಆದರೆ ಆತ ಅದೇ ಸುಲ್ತಾನನ ಆಶ್ರಯದಲ್ಲಿದ್ದ ಕವಿ. ಹತ್ತಿರವಿದ್ದವನು ಹೊಗಳುತ್ತಾನೆ, ದೂರವಿದ್ದವನು ಕೇಳಿದ್ದನ್ನು ಹೇಳುತ್ತಾನೆ. ಅಳತೆ ಇಬ್ಬರಿಗೂ ಬೇಕು.

1565ರ ರಕ್ಕಸ-ತಂಗಡಿ ಯುದ್ಧದ “ದ್ರೋಹ”ದ ಕಥೆ ಇದಕ್ಕೆ ಇನ್ನೊಂದು ಪರೀಕ್ಷೆ. ರಾಮರಾಯನ ಕಡೆಯ ಇಬ್ಬರು ಮುಸ್ಲಿಂ ದಂಡನಾಯಕರು ರಣರಂಗದಲ್ಲಿ ತಿರುಗಿಬಿದ್ದರು ಎಂಬುದು ಇಟಲಿಯ ವ್ಯಾಪಾರಿ ಸೀಸರ್ ಫ್ರೆಡರಿಕ್‌ನ ಮಾತು. ಆತ ವಿಜಯನಗರಕ್ಕೆ ಬಂದದ್ದು 1567ರಲ್ಲಿ. ಒಬ್ಬೊಬ್ಬನ ಕೈಕೆಳಗೆ ಎಪ್ಪತ್ತು-ಎಂಬತ್ತು ಸಾವಿರ ಜನ ಎನ್ನುತ್ತಾನೆ, ಹೆಸರು ಹೇಳುವುದಿಲ್ಲ. ಇಂದಿನ ಜನಪ್ರಿಯ ಪುಸ್ತಕಗಳಲ್ಲಿ ಅವರಿಗೆ “ಗಿಲಾನಿ ಸಹೋದರರು” ಎಂಬ ಹೆಸರೂ ಸಂಭಾಷಣೆಯೂ ಬಂದಿವೆ. ಹೀಗೆ ಬರೆಯಬಹುದು: “ಯುದ್ಧ ನಡೆದ ಎರಡು ವರ್ಷಕ್ಕೆ ಬಂದ ಫ್ರೆಡರಿಕ್ ಇಬ್ಬರು ದಂಡನಾಯಕರು ಪಕ್ಷ ಬದಲಿಸಿದರೆಂದು ಕೇಳಿ ಬರೆದಿದ್ದಾನೆ.” ಅದಕ್ಕಿಂತ ಮುಂದೆ ಹೋಗಲು ಆಧಾರ ತೋರಿಸಬೇಕು. ಈ ಒಂದು ಸಾಲಿನಿಂದ ಇಡೀ ಸಮುದಾಯದ ನಿಷ್ಠೆಯ ಬಗ್ಗೆ ತೀರ್ಪು ಕೊಡುವುದು ಇತಿಹಾಸವಾಗುವುದಿಲ್ಲ. ಅಂದಹಾಗೆ ಅದೇ ರಾಮರಾಯ ಅದಕ್ಕೆ ಕೆಲವೇ ವರ್ಷ ಹಿಂದೆ ಬಿಜಾಪುರದ ಜೊತೆ ಸೇರಿ ಅಹಮದನಗರದ ಮೇಲೆ ದಂಡೆತ್ತಿ ಹೋಗಿದ್ದ. ಆರನೆಯ ಮನೆ ನೆನಪಿರಲಿ.

3. ತಾರೀಖು

ನಮ್ಮ ಭಾಗದಲ್ಲಿ ಮೂರು ಶಕೆಗಳು ಕೈಗೆ ಬರುತ್ತವೆ. ಶಕ ವರ್ಷಕ್ಕೆ 78 ಕೂಡಿಸಿ. ವರ್ಷದ ಕೊನೆಯ ತಿಂಗಳುಗಳಾದರೆ 79. ಹಿಜರಿಗೆ 0.97ರಿಂದ ಗುಣಿಸಿ 622 ಕೂಡಿಸಿದರೆ ಸುಮಾರಾಗಿ ಸಿಗುತ್ತದೆ: ಕಲಬುರಗಿ ಕೋಟೆಯ ಜಾಮಾ ಮಸೀದಿಯ ಹಿಜರಿ 769 ಹೀಗೆ 1367 ಆಗುತ್ತದೆ. ಹಿಜರಿ ವರ್ಷ 354 ದಿನದ್ದು, ಹಾಗಾಗಿ ತಿಂಗಳು ಗೊತ್ತಿಲ್ಲದಿದ್ದರೆ “1367–68” ಎಂದು ಎರಡೂ ಹಾಕಿ. ನಿಜಾಮರ ಕಾಲದ ಕಾಗದಗಳಲ್ಲಿ ಫಸಲಿ, ಅಂದರೆ ಕಂದಾಯದ ವರ್ಷ, ಇರುತ್ತದೆ, 590 ಕೂಡಿಸಬೇಕು. ಕಡೆಗಾಲದಲ್ಲಿ ಆ ವರ್ಷ ಅಕ್ಟೋಬರಿನಲ್ಲಿ ಶುರುವಾಗುತ್ತಿತ್ತು, ಆದ್ದರಿಂದ 1357 ಫಸಲಿ ಎಂದರೆ 1947ರ ಅಕ್ಟೋಬರಿನಿಂದ 1948ರ ಅಕ್ಟೋಬರಿನವರೆಗೆ. ಫಸಲಿಯನ್ನು ಹಿಜರಿ ಎಂದು ಓದಿದರೆ ಲೆಕ್ಕ ಹತ್ತು ವರ್ಷದಷ್ಟು ಹಿಂದೆ ಬೀಳುತ್ತದೆ. 1948ರ ಸಂಗತಿಯನ್ನು 1938ಕ್ಕೆ ಹಾಕಿದರೆ ಯಾರು ಯಾರಿಗೆ ಮೊದಲು ಹೊಡೆದರು ಎಂಬುದೇ ತಲೆಕೆಳಗಾಗುತ್ತದೆ.

4. ಸಂಖ್ಯೆಗೆ ನೀರು ಕುಡಿಸಿ ನೋಡಿ

1520ರ ರಾಯಚೂರು ಯುದ್ಧಕ್ಕೆ ಕೃಷ್ಣದೇವರಾಯ 32,600 ಕುದುರೆ ತಂದನೆಂದು ಪೋರ್ಚುಗೀಸ್ ನೂನಿಜ್ ಬರೆದಿದ್ದಾನೆ. ಕಾಲಾಳು ಏಳು ಲಕ್ಷ ಮೀರಿದ್ದರಂತೆ. ಒಂದು ಕುದುರೆಗೆ ದಿನಕ್ಕೆ 30 ಲೀಟರ್ ನೀರು ಹಿಡಿಯಿರಿ. ಕುದುರೆಗಳಿಗಷ್ಟೇ 9,78,000 ಲೀಟರ್, ಬೇಸಿಗೆಯಲ್ಲಿ ಓಣಿಗೆ ಬರುವ 5,000 ಲೀಟರಿನ ಟ್ಯಾಂಕರುಗಳಲ್ಲಿ ಹೇಳುವುದಾದರೆ ದಿನಕ್ಕೆ ಸುಮಾರು 196. ಅದೂ ಮೇ ತಿಂಗಳ ರಾಯಚೂರಿನಲ್ಲಿ. ನಾಲ್ಕು ನಾಲ್ಕು ಕುದುರೆ ಜೊತೆಯಾಗಿ, ಸಾಲಿಗೆ 3 ಮೀಟರ್ ಬಿಟ್ಟು ನಡೆಸಿದರೆ ಮೆರವಣಿಗೆ 24 ಕಿಲೋಮೀಟರ್ ಉದ್ದವಾಗುತ್ತದೆ. ಮುಂದಿನ ಸವಾರ ಬಿಡಾರ ಹೂಡುವ ಹೊತ್ತಿಗೆ ಹಿಂದಿನವನು ಇನ್ನೂ ಜೀನು ಕಟ್ಟುತ್ತಿರುತ್ತಾನೆ. ಇದರಿಂದ ಸಂಖ್ಯೆ ಸುಳ್ಳೆಂದು ಸಾಬೀತಾಗುವುದಿಲ್ಲ. ಅದನ್ನು “ನೂನಿಜ್‌ನ ಪ್ರಕಾರ” ಎಂಬ ಮಾತಿಲ್ಲದೆ ಬರೆಯಬಾರದು ಎಂಬುದಂತೂ ತಿಳಿಯುತ್ತದೆ.

ಸತ್ತವರ ಸಂಖ್ಯೆಗೆ ಇದೇ ನಿಯಮ, ಇನ್ನೂ ಕಟ್ಟುನಿಟ್ಟಾಗಿ. ಸಂಖ್ಯೆ, ಹೇಳಿದವರು, ಯಾವಾಗ ಹೇಳಿದರು: ಮೂರೂ ಒಂದೇ ವಾಕ್ಯದಲ್ಲಿರಲಿ. ಅಡಿಟಿಪ್ಪಣಿಗೆ ತಳ್ಳಿದರೆ ಯಾರೂ ಓದುವುದಿಲ್ಲ, ಮೊಬೈಲಿನಲ್ಲಿ ಫೋಟೊ ತೆಗೆದು ಹಂಚುವುದು ಮೇಲಿನ ಸಾಲನ್ನಷ್ಟೇ.

5. ಕ್ರಿಯಾಪದಗಳಿಗೆ ಎರಡು ಬಣ್ಣದ ಪೆನ್ಸಿಲು

ಒಂದು ಅಧ್ಯಾಯ ಮುಗಿದ ಮೇಲೆ ಅಚ್ಚು ತೆಗೆದು ಒಂದು ಕಡೆಯವರ ಕ್ರಿಯಾಪದಗಳಿಗೆ ಕೆಂಪು, ಇನ್ನೊಂದು ಕಡೆಯವರ ಕ್ರಿಯಾಪದಗಳಿಗೆ ನೀಲಿ ಗೆರೆ ಎಳೆಯಿರಿ. ಬಹಳ ಸಲ ಹೀಗೆ ಕಾಣುತ್ತದೆ: ಒಬ್ಬರು “ದಿಗ್ವಿಜಯ ಕೈಗೊಂಡರು, ವಶಪಡಿಸಿಕೊಂಡರು, ವೀರಮರಣವನ್ನಪ್ಪಿದರು.” ಇನ್ನೊಬ್ಬರು “ದಾಳಿ ಮಾಡಿದರು, ಕೊಳ್ಳೆ ಹೊಡೆದರು, ಸತ್ತರು.” ಕೆಲಸ ಒಂದೇ, ಪದ ಬೇರೆ. ಒಂದೇ ಕೆಲಸಕ್ಕೆ ಎರಡೂ ಕಡೆಗೆ ಒಂದೇ ಪದ ಬಳಸಿ ತಿದ್ದಿ. ಬುಕ್ಕನೂ ಮುದಗಲ್ಲನ್ನು ಮುತ್ತಿದ, ಮುಹಮ್ಮದ್ ಶಹನೂ ಮುತ್ತಿದ.

ಕನ್ನಡದಲ್ಲಿ ಇದಕ್ಕಿಂತ ಸೂಕ್ಷ್ಮವಾದ ತೊಡಕು ಏಕವಚನ-ಬಹುವಚನದ್ದು. “ದೇವರಾಯರು ಬಂದರು, ಫಿರೋಜ್ ಓಡಿದ.” ಬರೆದವರಿಗೆ ಗೊತ್ತೇ ಆಗದೆ ಪಕ್ಷ ಹಿಡಿದಾಗಿದೆ, ಓದುಗನಿಗೆ ಮಾತ್ರ ಒಂದೇ ಸಾಲಿಗೆ ಗೊತ್ತಾಗುತ್ತದೆ. ನಿಯಮ ಮೊದಲೇ ಗೊತ್ತುಮಾಡಿ ಮುನ್ನುಡಿಯಲ್ಲಿ ಹೇಳಿಬಿಡಿ: ಅರಸರು, ಸುಲ್ತಾನರು, ದಂಡನಾಯಕರು ಎಲ್ಲರಿಗೂ ಏಕವಚನ, ಶರಣರು, ಸೂಫಿಗಳು, ಗುರುಗಳು, ಪ್ರವಾದಿಗಳಿಗೆ ಬಹುವಚನ. ಬಸವಣ್ಣನವರು, ಖಾಜಾ ಬಂದೇನವಾಜರು, ಗುರು ನಾನಕರು. “ಹಜರತ್”, “ಶ್ರೀ” ಮುಂತಾದವು ಮೊದಲ ಸಲಕ್ಕೆ ಸಾಕು. ಬೀದರಿನಲ್ಲಿ ಅಹ್ಮದ್ ಶಹನಿಗೆ ‘ವಲಿ’ ಎಂಬ ಹೆಸರಿದೆ, ಅಷ್ಟೂರಿನ ಅವನ ಗೋರಿಗೆ ಉರುಸು ನಡೆಯುತ್ತದೆ. ಅಲ್ಲಿ ಗೊಂದಲ ಸಹಜ. ರಾಜ್ಯಭಾರದ ಪ್ರಕರಣದಲ್ಲಿ ಏಕವಚನ, ಉರುಸಿನ ಪ್ರಸ್ತಾಪದಲ್ಲಿ ಬಹುವಚನ ಎಂದರೆ ನಡೆಯುತ್ತದೆ.

ಮೂಲದ ಬೈಗುಳಗಳನ್ನು ಏನು ಮಾಡುವುದು? ಪಾರಸಿ ತವಾರೀಖುಗಳಲ್ಲಿ “ಕಾಫಿರ್” ಇರುತ್ತದೆ, ಸಂಸ್ಕೃತ ಶಾಸನಗಳಲ್ಲಿ “ಮ್ಲೇಚ್ಛ”, “ಯವನ”, ಕನ್ನಡದಲ್ಲಿ “ತುರುಕ” ಇರುತ್ತದೆ. ಉದ್ಧರಣ ಚಿಹ್ನೆಯೊಳಗೆ ಇದ್ದಂತೆ ಇಡಿ, ಚಿಹ್ನೆಯ ಹೊರಗೆ ನಿಮ್ಮ ಮಾತಿನಲ್ಲಿ ಎಂದೂ ಬಳಸಬೇಡಿ. ಎಷ್ಟೋ ಪುಸ್ತಕಗಳಲ್ಲಿ ಉದ್ಧರಣ ಮುಗಿದು ಎರಡು ಪ್ಯಾರಾ ಕಳೆದರೂ ಲೇಖಕರು ಅದೇ ಪದದಲ್ಲಿ ಮಾತಾಡುತ್ತಿರುತ್ತಾರೆ. ಅಲ್ಲದೆ “ತುರುಕ” ಎಂದಾಗ ಹಳೆಯ ಶಾಸನಕಾರ ಹೇಳುತ್ತಿದ್ದದ್ದು ಬಹಳ ಸಲ ತುರ್ಕಿ ಮೂಲದ ಸವಾರರನ್ನು, ಕೇವಲ ಧರ್ಮವನ್ನಲ್ಲ. ಅದನ್ನು “ಮುಸ್ಲಿಂ” ಎಂದು ಅನುವಾದಿಸಿದರೆ ಅರ್ಥ ಹಿಗ್ಗಿತು. ವಿಜಯನಗರದ ಅರಸರೇ “ಹಿಂದೂರಾಯ ಸುರತ್ರಾಣ”, ಅಂದರೆ ಹಿಂದೂ ರಾಜರಲ್ಲಿ ಸುಲ್ತಾನ, ಎಂದು ಹೆಮ್ಮೆಯಿಂದ ಬಿರುದು ಹಾಕಿಕೊಂಡಿದ್ದರು. ಪದಗಳು ಗಡಿ ದಾಟಿ ಓಡಾಡುತ್ತಿದ್ದ ಕಾಲ ಅದು.

ಮತ್ತೊಂದು: ಎಲ್ಲ ಜಗಳಕ್ಕೂ ಧರ್ಮವೇ ಕಾರಣ ಎಂಬ ಅಭ್ಯಾಸ. ಬೀದರಿನ ಮದರಸಾ ಕಟ್ಟಿಸಿದ ಮಹಮೂದ್ ಗಾವಾನನನ್ನು 1481ರಲ್ಲಿ ಕೊಲ್ಲಿಸಿದ್ದು ಅವನ ಸುಲ್ತಾನನೇ, ಒಡಿಶಾದ ರಾಜನಿಗೆ ಬರೆದದ್ದೆಂದು ತೋರಿಸಿದ ಖೊಟ್ಟಿ ಪತ್ರದ ಮೇಲೆ. ಹಿಂದೆ ಇದ್ದದ್ದು ಇಲ್ಲಿಯವರೇ ಆದ ದಖನಿಗಳಿಗೂ ಪರದೇಶದಿಂದ ಬಂದ ಆಫಾಕಿಗಳಿಗೂ ಇದ್ದ ಹಗೆ. ಇಬ್ಬರೂ ಮುಸಲ್ಮಾನರು.

6. ಗುಡಿ, ಬಸದಿ, ಮಸೀದಿ ಕೆಡವಿದ ಪ್ರಸಂಗ

ಹೆಚ್ಚು ಹೊತ್ತು ಕೂರಬೇಕಾದದ್ದು ಇಲ್ಲಿ. ಪ್ರತಿ ಕಟ್ಟಡಕ್ಕೂ ಒಂದು ಚೀಟಿ ಮಾಡಿ: ಯಾವ ಕಟ್ಟಡ, ಯಾವ ಊರು, ಯಾವ ವರ್ಷ, ಯಾರ ಆಜ್ಞೆ ಅಥವಾ ಯಾವ ಗಲಭೆ, ಹೇಳುವ ಆಧಾರ, ಆಮೇಲೆ ಏನಾಯಿತು. ಒಂದು ಮನೆ ಖಾಲಿಯಿದ್ದರೂ ಆ ವಾಕ್ಯವನ್ನು ಅಧ್ಯಾಯಕ್ಕೆ ಏರಿಸಬೇಡಿ. “ಇಲ್ಲಿ ಮೊದಲು ಗುಡಿ ಇತ್ತಂತೆ” ಎಂಬುದು ಚೀಟಿ ತುಂಬುವುದಿಲ್ಲ. ಮರುಬಳಕೆಯಾದ ಕಂಬ ಕಂಡರೆ ಕಂಬ ಮರುಬಳಕೆಯಾಗಿದೆ ಎಂದಷ್ಟೇ ಬರೆಯಿರಿ. ಪಾಳುಬಿದ್ದ ಕಟ್ಟಡದಿಂದ ತಂದದ್ದೋ ಕೆಡವಿ ತಂದದ್ದೋ ಎಂಬುದನ್ನು ಕಂಬ ಹೇಳುವುದಿಲ್ಲ.

ಬಸವಕಲ್ಯಾಣದ ಶಕ 1248ರ, ಅಂದರೆ 1326ರ ಸಂಸ್ಕೃತ ಶಾಸನದ ಚೀಟಿ ಹೀಗಿರುತ್ತದೆ. ಕಟ್ಟಡ: ಮಧುಕೇಶ್ವರ ಗುಡಿ. ಸಂದರ್ಭ: ತುಘಲಕ್ ಆಳ್ವಿಕೆಯಲ್ಲಿ ಎದ್ದ ಗಲಭೆ, ಅದರಲ್ಲಿ ಲಿಂಗ ಭಗ್ನವಾಯಿತು. ಆಮೇಲೆ: ಭಕ್ತರು ಸುಲ್ತಾನನ ಅಧಿಕಾರಿ ಖ್ವಾಜಾ ಅಹ್ಮದನ ಬಳಿ ಹೋಗಿ ಪೂಜೆ ಮತ್ತೆ ನಡೆಸಲು ಕೇಳಿಕೊಂಡರು. ಅವನು ಅಪ್ಪಣೆ ಕೊಟ್ಟ, ಲಿಂಗ ಮರುಪ್ರತಿಷ್ಠೆಯಾಯಿತು. ಕೊನೆಯ ಮನೆಯನ್ನು ಬಿಟ್ಟು ಬರೆದರೆ ದ್ವೇಷದ ಕಥೆ, ನಡುವಿನ ಮನೆಯನ್ನು ಬಿಟ್ಟು ಬರೆದರೆ ಸಕ್ಕರೆ ಲೇಪಿಸಿದ ಕಥೆ. ಶಾಸನದಲ್ಲಿ ಎರಡೂ ಇವೆ.

ಅದೇ ಕಲ್ಯಾಣದಿಂದ 1045ರ ಸುಮಾರಿಗೆ ಚೋಳ ರಾಜಾಧಿರಾಜ ಒಂದು ದ್ವಾರಪಾಲಕನ ವಿಗ್ರಹ ಕಿತ್ತುಕೊಂಡು ಹೋದ. ಕಲ್ಯಾಣಪುರವನ್ನು ಧ್ವಂಸ ಮಾಡಿ ತಂದದ್ದೆಂದು ವಿಗ್ರಹದ ಪೀಠದಲ್ಲೇ ತಮಿಳಿನಲ್ಲಿ ಕೆತ್ತಿಸಿದ್ದಾನೆ. ಅದು ಈಗ ತಂಜಾವೂರಿನಲ್ಲಿದೆ. ಶೈವ ಅರಸನೊಬ್ಬ ಇನ್ನೊಬ್ಬ ಶಿವಭಕ್ತ ಅರಸನ ಊರಿನಿಂದ ತಂದ ಕೊಳ್ಳೆ. ಮಳಖೇಡವನ್ನು, ರಾಷ್ಟ್ರಕೂಟರ ಮಾನ್ಯಖೇಟವನ್ನು, 972ರಲ್ಲಿ ಸೂರೆ ಮಾಡಿದವನು ಮಾಳವದ ಪರಮಾರ ಸೀಯಕ. ಇಂಥವನ್ನು ಸೇರಿಸುವುದು ತಕ್ಕಡಿಯ ಇನ್ನೊಂದು ತಟ್ಟೆಗೆ ಕಲ್ಲು ಹಾಕಲು ಅಲ್ಲ. ಸೋತ ಅರಸನ ದೇವರನ್ನು ಒಯ್ಯುವುದು, ಅವನ ಗುಡಿಗೆ ಕೈ ಹಾಕುವುದು ಅಂದಿನ ಯುದ್ಧದ ರೂಢಿಯಲ್ಲಿ ಎಲ್ಲಿ ನಿಲ್ಲುತ್ತಿತ್ತು ಎಂದು ಓದುಗನಿಗೆ ತೋರಿಸಲು. ಹಾಗೆಯೇ, ಬಹಮನಿ ಮೂರನೆಯ ಮುಹಮ್ಮದ್ ಶಹ ಕೊಂಡಪಲ್ಲಿಯಲ್ಲಿ ಗುಡಿ ಕೆಡವಿಸಿ ಮಸೀದಿ ಕಟ್ಟಿಸಿದ, ಬ್ರಾಹ್ಮಣರನ್ನು ಕೊಂದು ‘ಗಾಜಿ’ (ಧರ್ಮಯೋಧ) ಎನಿಸಿಕೊಂಡ ಎಂದು ಫರಿಷ್ತಾ ಬರೆದದ್ದನ್ನು ಮುಚ್ಚಿಡಬೇಡಿ. “ಕೆಲವು ಅಹಿತಕರ ಘಟನೆಗಳು ನಡೆದವು” ಎಂದು ಬರೆದರೆ ನೊಂದವರಿಗೂ ಅವಮಾನ, ಓದುಗನಿಗೂ ಅನುಮಾನ. ಮಾಡಿದವನ ಹೆಸರು ಹೇಳಿ, ಅವನ ಹೆಸರನ್ನಷ್ಟೇ ಹೇಳಿ.

ಪಾಳುಬಿದ್ದದ್ದೆಲ್ಲ ಶತ್ರು ಕೆಡವಿದ್ದು ಎಂಬ ಊಹೆಯೂ ಬೇಡ. ಗಾವಾನನ ಮದರಸಾದ ಮುಂಭಾಗ ಅರ್ಧ ಹೋಗಿರುವುದು ಔರಂಗಜೇಬನ ಕಾಲದಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು. ಬೀದರಿನ ಕಟ್ಟಡಗಳ ಶಾಸನಪಾಠಕ್ಕೆ ಗುಲಾಮ್ ಯಜ್ದಾನಿ 1947ರಲ್ಲಿ ಪ್ರಕಟಿಸಿದ ಗ್ರಂಥ ಇವತ್ತಿಗೂ ಮೊದಲು ತೆರೆಯಬೇಕಾದದ್ದು.

7. ಪುರಾಣ, ಪವಾಡ, ದಾಖಲೆ

ಬಿಜ್ಜಳನ ಸಾವು ಬರೆಯುವವರು ಎಡವುವ ಜಾಗ. ವೀರಶೈವ ಪುರಾಣಗಳು ಜಗದೇವ ಮೊದಲಾದವರು ಕೊಂದರು ಎನ್ನುತ್ತವೆ, ಜೈನ ಕಥನ ವಿಷದ ಮಾತಾಡುತ್ತದೆ. ಭೀಮಕವಿ ಕನ್ನಡದಲ್ಲಿ ಬರೆದದ್ದು 1369ರಲ್ಲಿ, ಘಟನೆಗೆ ಇನ್ನೂರು ವರ್ಷದ ನಂತರ. ಶಾಸನಗಳಿಂದ ತಿಳಿಯುವುದು 1167ರ ಹೊತ್ತಿಗೆ ಅಧಿಕಾರ ಮಗ ಸೋವಿದೇವನ ಕೈಗೆ ಬಂತು ಎಂಬುದು. ಮೂರನ್ನೂ ಮೂರು ಪ್ಯಾರಾಗಳಲ್ಲಿ, ಬೇರೆ ಬೇರೆ ಕ್ರಿಯಾಪದದೊಂದಿಗೆ ಬರೆಯಿರಿ: ಶಾಸನ “ದಾಖಲಿಸುತ್ತದೆ”, ಪುರಾಣ “ಹೇಳುತ್ತದೆ”, ಭಕ್ತರು “ನಂಬುತ್ತಾರೆ”. ‘ನಂಬುತ್ತಾರೆ’ ಎಂಬಲ್ಲಿ ಕೊಂಕು ನುಸುಳದಿರಲಿ. “ಮೂಢವಾಗಿ ನಂಬುತ್ತಾರೆ” ಎಂದರೆ ಅಲ್ಲಿಗೆ ಪುಸ್ತಕ ಕೆಳಗಿಟ್ಟರು. ಅಷ್ಟೂರಿನ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡ್ಯಾಳದ ಜಂಗಮರು ಬರುತ್ತಾರೆ, ಅಹ್ಮದ್ ಶಹನಲ್ಲಿ ಅಲ್ಲಮಪ್ರಭುವನ್ನು ಕಾಣುವ ಭಕ್ತರಿದ್ದಾರೆ.

8. 1948: ಜೀವಂತ ನೆನಪಿನ ಜೊತೆ ಕೆಲಸ

ನೂರಾರು ವರ್ಷ ಹಳೆಯ ಯುದ್ಧಕ್ಕೆ ಬೇಕಾದ ಎಚ್ಚರ ಒಂದು, ಇದಕ್ಕೆ ಬೇಕಾದದ್ದೇ ಬೇರೆ. ಮೊದಲು ಹೆಸರು. “ವಿಮೋಚನೆ”, “ವಿಲೀನ”, “ಪೊಲೀಸ್ ಆಕ್ಷನ್”: ಪ್ರತಿ ಪದದ ಹಿಂದೆಯೂ ಒಂದು ಅನುಭವವಿದೆ. ನಿಜಾಮನ ಹೈದರಾಬಾದ್ ಸಂಸ್ಥಾನದ ಮೇಲೆ ಭಾರತ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆಸಿದ ಸೈನಿಕ ಕಾರ್ಯಾಚರಣೆಗೆ “ಪೊಲೀಸ್ ಕಾರ್ಯಾಚರಣೆ”, ಅದರ ರಾಜಕೀಯ ಫಲಕ್ಕೆ “ವಿಲೀನ” ಎಂದು ಬಳಸಿ, “ವಿಮೋಚನೆ”ಯನ್ನು ಹೋರಾಟಗಾರರ ಮಾತಿನಲ್ಲಿ ಬಂದಾಗ ಬಿಡಿ.

ರಜಾಕಾರ ಎಂದರೆ ನಿಜಾಮನ ಆಳ್ವಿಕೆಯ ಪರ ನಿಂತ ಒಂದು ಸಂಘಟನೆಯ ಪಡೆ, ಮುಖಂಡ ಕಾಸಿಂ ರಜ್ವಿ. ಮುಸಲ್ಮಾನ ಎಂಬುದಕ್ಕೆ ಪರ್ಯಾಯ ಪದವಲ್ಲ. ಅವರ ವಿರುದ್ಧ ಬರೆದದ್ದಕ್ಕೆ 1948ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಕೊಲೆಯಾದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಮುಸಲ್ಮಾನರೇ. ಮೇ ತಿಂಗಳಲ್ಲಿ ಬಸವಕಲ್ಯಾಣ ಕಡೆಯ ಗೋರಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ಬರೆಯಲೇಬೇಕು. ಸೆಪ್ಟೆಂಬರಿನ ನಂತರ ಮುಸ್ಲಿಮರ ಮೇಲೆ ನಡೆದದ್ದನ್ನೂ ಬರೆಯಲೇಬೇಕು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಇಡೀ ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತರೆಂದು ಅಂದಾಜಿಸಿತು. ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ, ಬೀದರ್ ಎರಡೂ ಇವೆ, ಉಸ್ಮಾನಾಬಾದ್ ಮತ್ತು ನಾಂದೇಡ್ ಜೊತೆಗೆ. ಮುಸ್ಲಿಮರನ್ನು ಜೀವದ ಹಂಗು ತೊರೆದು ಕಾಪಾಡಿದ ಹಿಂದೂಗಳ ಪ್ರಸ್ತಾಪವೂ ಅದೇ ವರದಿಯಲ್ಲಿದೆ. ಒಂದನ್ನು ಇನ್ನೊಂದರ “ಪ್ರತಿಕ್ರಿಯೆ” ಎಂದು ಕರೆದು ಮುಗಿಸಬೇಡಿ. ಗೋರಟಾದಲ್ಲಿ ಸತ್ತವರೂ ಆಮೇಲೆ ಸತ್ತವರೂ ಯಾರ ಲೆಕ್ಕವನ್ನೂ ಚುಕ್ತಾ ಮಾಡಲು ಸತ್ತವರಲ್ಲ.

ಹಿರಿಯರನ್ನು ಮಾತಾಡಿಸುವಾಗ, ಆಗ ಹತ್ತು ವರ್ಷದವರಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರ್ಪಡಿಸಲು ಪ್ರಶ್ನೆ ಸಣ್ಣದಿರಲಿ. “ರಜಾಕಾರರು ಏನೇನು ಮಾಡಿದರು?” ಎಂದರೆ ಊರ ಕಥೆ ಬರುತ್ತದೆ. “ಮುತ್ಯಾ, ಆವಾಗ ನಿಮಗ ಎಷ್ಟು ವರ್ಷ ಇದ್ದಿರಬೇಕ್ರಿ? ಆ ದಿನ ರಾತ್ರಿ ಯಾರ ಮನ್ಯಾಗ ಮಲಗಿದ್ರಿ? ಉಣ್ಣಾಕ ಏನಿತ್ತು?” ಎಂದರೆ ಕಂಡದ್ದು ಬರುತ್ತದೆ. ಮುಸ್ಲಿಂ ಮನೆಗಳಲ್ಲಿ ದಖನಿ ಬಲ್ಲವರೊಬ್ಬರು ಜೊತೆಗಿರಲಿ, ದಾದಿಯರ ಜೊತೆ ಮಾತಾಡಲು ಹೆಣ್ಣುಮಗಳೊಬ್ಬಳಿದ್ದರೆ ಒಳ್ಳೆಯದು. ಮೊದಲ ಭೇಟಿಯಲ್ಲಿ ಮೊಬೈಲ್ ರೆಕಾರ್ಡಿಂಗ್ ಹಚ್ಚಬೇಡಿ. ಕೊಂದವರ ಹೆಸರು ಹೇಳಿದರೆ ಟಿಪ್ಪಣಿಯಲ್ಲಿಡಿ, ಅಚ್ಚಿಗೆ ಬೇಡ: ಅವರ ಮೊಮ್ಮಕ್ಕಳು ಅದೇ ಓಣಿಯಲ್ಲಿದ್ದಾರೆ. ಅತ್ಯಾಚಾರದ ಪ್ರಸಂಗದಲ್ಲಿ ಊರಿನ ಹೆಸರೂ ಬೇಡ, ಸಣ್ಣ ಊರಲ್ಲಿ ಊರಿನ ಹೆಸರೇ ಮನೆಯ ಹೆಸರು.

9. ಚಿತ್ರ, ನಕಾಶೆ, ರಕ್ಷಾಪುಟ

ಪ್ರವಾದಿ ಮುಹಮ್ಮದರ ಚಿತ್ರ ಎಲ್ಲಿಯೂ ಬೇಡ. ದರ್ಗಾ, ಶರಣಬಸವೇಶ್ವರರ ಗುಡಿ, ಬೀದರಿನ ನಾನಕ್ ಝೀರಾ ಗುರುದ್ವಾರ ಇವುಗಳ ಚಿತ್ರವನ್ನು ರಕ್ತಪಾತದ ಅಧ್ಯಾಯದ ಎದುರು ಪುಟಕ್ಕೆ ಹಾಕಬೇಡಿ. ಪುಟ ಜೋಡಿಸುವವರು ಜಾಗ ನೋಡಿ ಹಾಕುತ್ತಾರೆ, ಅರ್ಥ ನೋಡಿ ಅಲ್ಲ. ಹಾಗಾಗಿ ಕಡೆಯ ಪ್ರೂಫನ್ನು ಎದುರುಬದುರು ಪುಟ ಜೋಡಿಸಿಯೇ ನೋಡಿ. ನಕಾಶೆಯಲ್ಲಿ ರಾಜ್ಯಗಳಿಗೆ ಹಸಿರು-ಕೇಸರಿ ಬಳಿದರೆ ಒಂದನೆಯ ಹಂತದಲ್ಲಿ ಮಾಡಿದ ಕೆಲಸವೆಲ್ಲ ನೀರುಪಾಲು. ನೀಲಿ, ಕಂದು, ಬೂದು ಇವೆ. ರಕ್ಷಾಪುಟಕ್ಕೆ ಖಡ್ಗ ಮತ್ತು ಗುಮ್ಮಟ ಒಟ್ಟಿಗೆ ಬಂದರೆ ವಾಪಸು ಕಳಿಸಿ.

10. ಅಚ್ಚಿಗೆ ಮೊದಲು ನಾಲ್ವರು

ಪಾರಸಿ ಅಥವಾ ಉರ್ದು ಬಲ್ಲ ಒಬ್ಬರು, ಶಾಸನ ಓದಬಲ್ಲ ಒಬ್ಬರು, ಅಧ್ಯಾಯ ಯಾರ ಬಗ್ಗೆ ಇದೆಯೋ ಆ ಸಮುದಾಯದ ಒಬ್ಬರು, ಇತಿಹಾಸದ ಗಂಧವಿಲ್ಲದ ಸಾಮಾನ್ಯ ಓದುಗ ಒಬ್ಬರು. ಮೂರು ವಾರ ಕೊಡಿ. “ಹೇಗಿದೆ?” ಎಂದು ಕೇಳಬೇಡಿ, “ಚೆನ್ನಾಗಿದೆ” ಎಂಬ ಉತ್ತರವೇ ಬರುತ್ತದೆ. ಮೂರು ಪ್ರಶ್ನೆ ಬರೆದು ಕೊಡಿ: ಎಲ್ಲಿ ಓದುವುದು ನಿಲ್ಲಿಸಿದಿರಿ, ಯಾವ ವಾಕ್ಯ ನಂಬಲಿಲ್ಲ, ಯಾವುದನ್ನು ನಿಮ್ಮ ಮನೆಯವರ ಮುಂದೆ ಗಟ್ಟಿಯಾಗಿ ಓದಲಾರಿರಿ. ಮೂರನೆಯದಕ್ಕೆ ಬರುವ ಉತ್ತರಗಳು ಬೆಲೆಬಾಳುತ್ತವೆ. ಆಕ್ಷೇಪ ಬಂದ ಕೂಡಲೆ ಅಳಿಸಬೇಡಿ. ಚೀಟಿ ತೆಗೆದು ನೋಡಿ: ಆಧಾರವಿದ್ದರೆ ಸಂಗತಿ ಇರಲಿ, ಮಾತು ತಿದ್ದಿ. ಆಧಾರವಿಲ್ಲದಿದ್ದರೆ ಎಷ್ಟೇ ಚಂದದ ಸಾಲಾದರೂ ಹೋಗಲಿ.

ಕಾನೂನಿನ ಮಾತು ಎರಡೇ ಸಾಲು. 2024ರ ಜುಲೈ 1ರಿಂದ ಹಳೆಯ ಭಾರತೀಯ ದಂಡ ಸಂಹಿತೆಯ 153ಎ ಮತ್ತು 295ಎ ಕಲಮುಗಳ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 196 ಮತ್ತು 299 ಬಂದಿವೆ. 299ರಲ್ಲಿ ನೋಡುವುದು ಧಾರ್ಮಿಕ ಭಾವನೆ ಕೆರಳಿಸುವ ಉದ್ದೇಶಪೂರ್ವಕ, ದುರುದ್ದೇಶದ ಕೃತ್ಯವೇ ಎಂಬುದನ್ನು, ಆದ್ದರಿಂದ ಚೀಟಿಗಳ ಕಟ್ಟನ್ನು ಪುಸ್ತಕ ಬಂದ ಮೇಲೂ ಜೋಪಾನ ಮಾಡಿ.

ತಕರಾರು ಬಂದರೆ ಪುಟ ಮತ್ತು ಸಾಲಿನ ಸಂಖ್ಯೆ ಬರಹದಲ್ಲಿ ಕೇಳಿ. ಆ ಪುಟದ ಚೀಟಿಯ ನಕಲನ್ನು ಹದಿನೈದು ದಿನದೊಳಗೆ ಕಳಿಸಿ. ತಪ್ಪು ನಿಮ್ಮದಾಗಿದ್ದರೆ ಉಳಿದ ಪ್ರತಿಗಳಿಗೆ ತಿದ್ದುಪಡಿ ಚೀಟಿ ಅಂಟಿಸಿ, ಎಷ್ಟು ಪ್ರತಿಗೆ ಅಂಟಿಸಿದಿರಿ, ಯಾವ ತಾರೀಖು ಎಂದು ಅದೇ ಕಟ್ಟಿನಲ್ಲಿ ಬರೆದಿಡಿ.